ಹವ್ಯಾಸಿಗಳ ಹಳೆಯ ಚರ್ಚೆಗಳನ್ನು ಈಗ ಓದಿ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹೊಸದಾಗಿ ಒಂದು ಹವ್ಯಾಸ ಹಿಡಿದಿದ್ದೀರಿ. ಅದರಲ್ಲಿ ಪಳಗಿದವರು ಹತ್ತು ಹದಿನೈದು ವರ್ಷಗಳ ಹಿಂದೆ ತಮ್ಮತಮ್ಮಲ್ಲಿ ಆಡಿದ ಮಾತು ರಾಶಿ ರಾಶಿ ಇದೆ. ಅದನ್ನೆಲ್ಲ ಓದುತ್ತಾ ಕೂರಬೇಕಾ, ಇಲ್ಲ ಈಗಿನವರನ್ನು ನೇರವಾಗಿ ಕೇಳಿಬಿಟ್ಟರೆ ಸಾಕಾ?

ಓದಿ. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಓದುವುದು ಮಾತ್ರ ನಿಮ್ಮ ಕೈ ಕೆಸರಾದ ಮೇಲೆ.

ನನ್ನ ಹವ್ಯಾಸ ಟೆಲಿಸ್ಕೋಪಿನ ಕನ್ನಡಿಯನ್ನು ಕೈಯಲ್ಲೇ ಉಜ್ಜಿ ಮಾಡುವುದು. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ನೀರು, ಕಾರ್ಬೊರಂಡಮ್ ಎನ್ನುವ ಗಡಸು ಪುಡಿ ಹಾಕಿ ಒಂದರ ಮೇಲೊಂದು ಉಜ್ಜುತ್ತಾ ಹೋದರೆ ಮೇಲಿನದು ನಿಧಾನಕ್ಕೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿಯನ್ನು ಹಂತ ಹಂತವಾಗಿ ನುಣ್ಣಗೆ ಮಾಡುತ್ತಾ ಬರಬೇಕು. ಕೊನೆಗೆ ಬಿಲ್ಲೆಯ ಮೇಲೆ ಪಿಚ್ ಎನ್ನುವ ಅಂಟನ್ನು ಕರಗಿಸಿ ಹರಡಿ, ಅದರ ಮೇಲೆ ಸೀರಿಯಂ ಆಕ್ಸೈಡ್ ಹಾಕಿ ಪಾಲಿಶ್ ಮಾಡುವುದು. ಇಲ್ಲಿಯವರೆಗೆ ತಾಳ್ಮೆ ಇದ್ದರೆ ಸಾಕು. ಕಷ್ಟ ಇರುವುದು ಆಮೇಲೆ. ಗೋಲದ ಆಕಾರದಲ್ಲಿರುವ ತಗ್ಗನ್ನು ಪ್ಯಾರಾಬೋಲಕ್ಕೆ, ಅಂದರೆ ದೂರದಿಂದ ಬರುವ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಆಕಾರಕ್ಕೆ, ತರಬೇಕು. 6 ಇಂಚು ಅಗಲದ, ಎಫ್/8 ಕನ್ನಡಿಯಲ್ಲಿ (ಅಂದರೆ ಸಂಗಮದೂರ, ದೂರದ ಬೆಳಕನ್ನು ಕನ್ನಡಿ ಕೂಡಿಸುವ ದೂರ, ಅಗಲದ 8 ಪಟ್ಟು ಇರುವುದರಲ್ಲಿ) ಈ ಎರಡು ಆಕಾರಗಳಿಗೆ ಇರುವ ವ್ಯತ್ಯಾಸ ಅಂಚಿನಲ್ಲಿ ಅಳೆದರೂ ಮಿಲಿಮೀಟರಿನ 3,000ದಲ್ಲಿ ಒಂದು ಭಾಗಕ್ಕಿಂತ ಕಡಿಮೆ!

ಇದನ್ನು ಶುರು ಮಾಡುವ ಮುಂಚೆ ಕನ್ನಡಿ ಉಜ್ಜುವವರ ಒಂದು ಹಳೆಯ, ಉದ್ದದ ಚರ್ಚೆ ಓದಿದ್ದೆ. ಒಬ್ಬರ ಕನ್ನಡಿಯ ಅಂಚು ಇಳಿದುಹೋಗಿತ್ತು. ಮಧ್ಯವೆಲ್ಲ ಸರಿ, ಅಂಚಿನ ಒಂದು ಸಣ್ಣ ಪಟ್ಟಿ ಮಾತ್ರ ಹೊರಕ್ಕೆ ಜಾರಿದಂತೆ. ಈ ಕೆಲಸ ಮಾಡುವವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ದೋಷ ಇದೇ. ಅವರು ಏನು ಮಾಡಲಿ ಅಂತ ಕೇಳಿದ್ದರು. ಒಬ್ಬರು ಪಿಚ್ ಮೆತ್ತಗಾಗಿದೆ ಅಂದರು, ಇನ್ನೊಬ್ಬರು ಗಟ್ಟಿಯಾಗಿದೆ ಅಂದರು. ಕೈ ತುಂಬ ದೂರ ಓಡಿಸುತ್ತಿದ್ದೀರಿ, ಜಾಸ್ತಿ ಒತ್ತುತ್ತಿದ್ದೀರಿ, ಕೋಣೆ ಬಿಸಿ ಇದೆ ಅಂತ ಒಬ್ಬೊಬ್ಬರದು ಒಂದೊಂದು. ಕೇಳಿದವರು ಒಂದೊಂದನ್ನೇ ಮಾಡಿ ನೋಡಿ, ಆಗಲಿಲ್ಲ ಅಂತ ಮತ್ತೆ ಬಂದು ಬರೆಯುತ್ತಿದ್ದರು. ನಾನು ಅರ್ಧಕ್ಕೇ ಬೇಸತ್ತು ಬಿಟ್ಟೆ. ಕಾರಣ ಒಂದು, ಪರಿಹಾರ ಒಂದು ಅಂತ ಬರೆದರೆ ಆಗದಾ ಅನ್ನಿಸಿತ್ತು.

ಕೆಲವು ತಿಂಗಳಾದ ಮೇಲೆ ನನ್ನ ಕನ್ನಡಿಯ ಅಂಚೂ ಇಳಿಯಿತು.

ಅದೇ ಚರ್ಚೆಯನ್ನು ಮತ್ತೆ ತೆಗೆದೆ. ಈ ಸಲ ಒಂದು ಸಾಲನ್ನೂ ಬಿಡಲಿಲ್ಲ. ಮೊದಲು ಸುಮ್ನೆ ಜಗಳದಂತೆ ಕಂಡಿದ್ದ ಜಾಗದಲ್ಲಿ ಈಗ ಪ್ರತಿಯೊಬ್ಬರೂ ನನ್ನ ಮೇಜನ್ನೇ ನೋಡಿ ಮಾತಾಡುತ್ತಿದ್ದಾರೆ ಅನ್ನಿಸಿತು. ಪಿಚ್ ಮೆತ್ತಗಿದ್ದರೂ ಅಂಚು ಇಳಿಯಬಹುದು, ಗಟ್ಟಿ ಇದ್ದರೂ ಇಳಿಯಬಹುದು. ಅವರಿಬ್ಬರೂ ಒಬ್ಬರನ್ನೊಬ್ಬರು ಅಲ್ಲಗಳೆಯುತ್ತಿರಲಿಲ್ಲ, ತಮ್ಮ ತಮ್ಮ ಕೋಣೆಯ ವಿಷಯ ಹೇಳುತ್ತಿದ್ದರು. ಇದು ನನಗೆ ಮೊದಲ ಸಲ ಹೊಳೆದಿರಲೇ ಇಲ್ಲ. ಕೊನೆಗೆ ಕೇಳಿದವರೇ ಕಾರಣ ಕಂಡುಕೊಂಡಿದ್ದರು: ಪ್ರತಿ ಸಲ ಕೆಲಸ ಶುರು ಮಾಡುವ ಮುಂಚೆ ಕನ್ನಡಿಯನ್ನು ಪಿಚ್ ಮೇಲೆ ಇಟ್ಟು, ಭಾರ ಹೇರಿ, ಎರಡೂ ಪೂರ್ತಿ ಕೂಡಿಕೊಳ್ಳುವವರೆಗೆ ಅವರು ಕಾಯುತ್ತಿರಲಿಲ್ಲ. ನಾನೂ ಕಾಯುತ್ತಿರಲಿಲ್ಲ.

ಅದೇ ಚರ್ಚೆಯಲ್ಲಿ ಯಾರೋ ಹೋಗುತ್ತಾ ಹೋಗುತ್ತಾ ಒಂದು ಮಾತು ಹೇಳಿದ್ದರು, ಗಾಜಿನ ಮೇಲೆ ಹೆಬ್ಬೆರಳು ಇಟ್ಟು ನೋಡಿ ಅಂತ. ಕನ್ನಡಿಯನ್ನು ಪರೀಕ್ಷಿಸಲು ನಾವು ಬಳಸುವುದು ಫ್ರಾನ್ಸಿನ ವಿಜ್ಞಾನಿ ಲೆಯೋನ್ ಫೂಕೋ 1858ರಲ್ಲಿ ಕೊಟ್ಟ ವಿಧಾನ. ಸಂಗಮದೂರದ ಎರಡು ಪಟ್ಟು ದೂರದಲ್ಲಿ ಒಂದು ಚುಕ್ಕಿ ಬೆಳಕು ಇಟ್ಟು, ಅದು ಕನ್ನಡಿಯಿಂದ ಮರಳಿ ಬಂದು ಕೂಡುವ ಜಾಗಕ್ಕೆ ಬ್ಲೇಡಿನ ಅಂಚನ್ನು ಮೆಲ್ಲಗೆ ತಂದರೆ, ಗಾಜಿನ ಏರುತಗ್ಗು ಸಂಜೆ ಬಿಸಿಲಿನಲ್ಲಿ ಕಾಣುವ ಗುಡ್ಡ ಕಣಿವೆಯಂತೆ ಎದ್ದು ಕಾಣುತ್ತದೆ. ನಾನು ಹೆಬ್ಬೆರಳನ್ನು ಗಾಜಿನ ಮೇಲೆ ಕೆಲವು ಸೆಕೆಂಡ್ ಇಟ್ಟು ತೆಗೆದೆ. ಬಂದು ಬ್ಲೇಡಿನ ಹಿಂದೆ ಕಣ್ಣಿಟ್ಟೆ. ಬೆರಳು ಇಟ್ಟಿದ್ದ ಜಾಗದಲ್ಲಿ ಒಂದು ದಿಬ್ಬ ಎದ್ದಿತ್ತು! ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ನೋಡುತ್ತಾ ಕುಳಿತೆ. ನಿಮಿಷ ನಿಮಿಷಕ್ಕೆ ತಗ್ಗುತ್ತಾ ಬಂದು ಕೊನೆಗೆ ಅಳಿಸಿಹೋಯಿತು. ಬೆರಳಿನ ಬಿಸಿಗೇ ಗಾಜು ಇಷ್ಟು ಉಬ್ಬುತ್ತದೆ ಅಂದ ಮೇಲೆ, ಅರ್ಧ ಗಂಟೆ ಅಂಗೈಯಲ್ಲಿ ಒತ್ತಿ ಉಜ್ಜಿದ ಕನ್ನಡಿಯನ್ನು ತಕ್ಷಣ ಪರೀಕ್ಷೆಗೆ ಇಟ್ಟರೆ ಕಾಣುವುದೆಲ್ಲ ನಿಜ ಹೇಗಾದೀತು? ನಾನು ಅದುವರೆಗೆ ಇಲ್ಲದ ಉಬ್ಬನ್ನು ಉಜ್ಜಿ ಉಜ್ಜಿ ತಗ್ಗು ಮಾಡುತ್ತಿದ್ದೆ.

ಇಂಥ ಮಾತು ಪುಸ್ತಕದಲ್ಲಿ ಇರುವುದಿಲ್ಲವಾ ಅಂದರೆ ಇರುತ್ತದೆ. 'ಪರೀಕ್ಷೆಗೆ ಮುಂಚೆ ಕನ್ನಡಿ ತಣಿಯಲಿ' ಅಂತ ಒಂದೇ ಸಾಲು. ಅದನ್ನು ಓದಿ ತಲೆಯಾಡಿಸಿ ಮುಂದೆ ಹೋಗಿದ್ದೆ. ತಣಿಯದಿದ್ದರೆ ಏನಾಗುತ್ತದೆ, ಎಷ್ಟು ಜನ ಅದರಿಂದ ಎಷ್ಟು ದಿನ ಕಳೆದುಕೊಂಡರು ಅನ್ನುವುದು ಚರ್ಚೆಯಲ್ಲಿ ಮಾತ್ರ ಉಳಿದಿತ್ತು. ಪುಸ್ತಕ ಬರೆಯುವವರು ತಪ್ಪು ದಾರಿಗಳನ್ನು ತೆಗೆದುಹಾಕಿ ಸರಿ ದಾರಿ ಕೊಡುತ್ತಾರೆ. ಅದು ಅವರ ಕೆಲಸ. ಆದರೆ ನಾವು ಸಿಕ್ಕಿಹಾಕಿಕೊಳ್ಳುವುದು ತಪ್ಪು ದಾರಿಯಲ್ಲಿ. ಅಲ್ಲಿಂದ ವಾಪಸ್ ಬಂದವರ ಮಾತು ನಮಗೆ ಬೇಕು, ಅಲ್ವಾ?

ಆಕಾಶ ನೋಡುವವರ ಕಥೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ. ಅದರ ದಾರಿಯನ್ನು ಸರಿಯಾಗಿ ಲೆಕ್ಕ ಹಾಕಲು ಹಳೆಯ ಸ್ಥಾನಗಳು ಬೇಕಿದ್ದವು, ಯಾಕೆಂದರೆ ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 165 ವರ್ಷ ತೆಗೆದುಕೊಳ್ಳುತ್ತದೆ. ಹುಡುಕಿದಾಗ, ಪ್ಯಾರಿಸ್ಸಿನಲ್ಲಿ ಖಗೋಳಜ್ಞ ಲಲಾಂಡ್ ಅವರ ನಕ್ಷತ್ರಪಟ್ಟಿಗಾಗಿ 1795ರ ಮೇ 8ರಂದು ಮತ್ತು 10ರಂದು ಅದನ್ನು ನಕ್ಷತ್ರ ಅಂತ ಗುರುತು ಹಾಕಿಕೊಂಡಿದ್ದದ್ದು ಸಿಕ್ಕಿತು. ಎರಡು ದಿನದ ಸ್ಥಾನ ಒಂದಕ್ಕೊಂದು ಹೊಂದಿರಲಿಲ್ಲ. ಹೊಂದದೇ ಇದ್ದದ್ದು ಅದು ಗ್ರಹವಾದ್ದರಿಂದ, ಎರಡು ದಿನದಲ್ಲಿ ಸರಿದಿತ್ತು. ಆಗ ಅದನ್ನು ಅಳತೆಯ ತಪ್ಪು ಅಂದುಕೊಂಡು ಮೊದಲ ದಿನದ್ದನ್ನು ಕೈಬಿಟ್ಟರು, ಎರಡನೆಯದಕ್ಕೆ ಅನುಮಾನದ ಗುರುತು ಹಾಕಿ ಅಚ್ಚು ಮಾಡಿದರು. ಅಚ್ಚಾದ ಪಟ್ಟಿಯಲ್ಲಿ ಉಳಿದದ್ದು ಒಂದು ಅನುಮಾನ. ಕೈಬರಹದ ಮೂಲ ಪುಟಗಳಲ್ಲಿ ಎರಡೂ ಇದ್ದವು. 50 ವರ್ಷ ಹಿಂದಿನ ಸ್ಥಾನ ಲೆಕ್ಕಕ್ಕೆ ಸಿಕ್ಕಿತು. ಆ ಪುಟಗಳನ್ನು ಯಾರಾದರೂ ಎಸೆದಿದ್ದರೆ ಅಂತ ಯೋಚಿಸಿದಾಗಲೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಯಾವ ಕ್ಯಾಮೆರಾ ಒಳ್ಳೆಯದು, ಯಾವ ಸಾಫ್ಟ್‌ವೇರ್ ಬಳಸಬೇಕು ಅನ್ನುವ ಹಳೆಯ ವಾದಗಳನ್ನು ಧಾರಾಳವಾಗಿ ಬಿಟ್ಟುಬಿಡಿ. ಗಾಜು, ಪಿಚ್, ಬಿಸಿ, ಬೆಳಕು ಇವುಗಳ ಬಗ್ಗೆ ಆಡಿದ ಮಾತು ಹಳತಾಗುವುದಿಲ್ಲ. ಅಪಾಯದ ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಿ. ಹಿಂದೆ ಸಣ್ಣ ಟೆಲಿಸ್ಕೋಪುಗಳ ಜೊತೆ ಸೂರ್ಯನನ್ನು ನೋಡಲು ಅಂತ ಕಣ್ಣಿನ ಕಡೆ ಹಾಕುವ ಕಪ್ಪು ಗಾಜು ಕೊಡುತ್ತಿದ್ದರು. ಹಳೆಯ ಮಾತುಗಳಲ್ಲಿ ಅದರ ಪ್ರಸ್ತಾಪ ಬರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಬೆಳಕು ಕೂಡುವ ಜಾಗದ ಬಿಸಿಗೆ ಆ ಗಾಜು ಇದ್ದಕ್ಕಿದ್ದಂತೆ ಸೀಳಬಹುದು, ಕಣ್ಣು ಹೋಗುತ್ತದೆ. ಸೂರ್ಯನಿಗೆ ಅಂತಲೇ ಮಾಡಿದ ಫಿಲ್ಟರ್ ಕೊಳವೆಯ ಮುಂದಿನ ಬಾಯಿಗೆ ಇರಬೇಕು, ಹಿಂದೆ ಅಲ್ಲ.

ಓದುವಾಗ ನಾನು ಮೊದಲು ನೋಡುವುದು ಕೇಳಿದವರು ಮತ್ತೆ ಬಂದರಾ ಅಂತ. ಉತ್ತರ ಎಷ್ಟೇ ಚೆನ್ನಾಗಿರಲಿ, ಮಾಡಿ ನೋಡಿದವರು ಬಂದು ಏನಾಯಿತು ಅಂತ ಹೇಳದಿದ್ದರೆ ಅದು ಇನ್ನೂ ಊಹೆಯೇ. ಎಲ್ಲರೂ ಒಪ್ಪಿದ ಉತ್ತರಕ್ಕಿಂತ ಒಬ್ಬರೇ ಬೇರೆ ಹೇಳಿದ್ದು ನಿಮ್ಮ ಸ್ಥಿತಿಗೆ ಹೊಂದಬಹುದು, ಅದನ್ನೂ ಗುರುತು ಮಾಡಿಕೊಳ್ಳಿ. ಆಮೇಲೆ ಈಗಿನವರನ್ನು ಕೇಳಿ. ಹಳೆಯದನ್ನು ಓದಿ, ಇಂತಿಂಥದ್ದನ್ನು ಮಾಡಿದೆ, ಇಲ್ಲಿಗೆ ಬಂದು ನಿಂತಿದ್ದೇನೆ ಅಂತ ಕೇಳಿದರೆ ಬಲ್ಲವರು ಕೂತು ಉತ್ತರ ಹೇಳುತ್ತಾರೆ.

ನಿಮ್ಮದೇ ಹಳೆಯ ಟಿಪ್ಪಣಿಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. ಕನ್ನಡಿ ಮುಗಿದ ಮೊದಲ ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಅಲ್ಲಲ್ಲಿ 'ಗುರು ಗ್ರಹ ಮಸುಕು. ಕನ್ನಡಿ ಕೆಟ್ಟಿದೆಯಾ?' ಅಂತ ಬರೆದುಕೊಂಡಿದ್ದೆ. ಅದನ್ನು ಮತ್ತೆ ಬಿಚ್ಚಿ ನೋಡಿದ್ದು ವರ್ಷಗಳಾದ ಮೇಲೆ. ಪ್ರತಿ ಸಾಲಿನ ಪಕ್ಕ ಹೊತ್ತು ಬರೆದಿತ್ತು. ಟೆಲಿಸ್ಕೋಪನ್ನು ಒಳಗಿನಿಂದ ಹೊರಗೆ ತಂದ ಮೊದಲ ಅರ್ಧ ಗಂಟೆಯಲ್ಲೇ ಎಲ್ಲಾ ಮಸುಕು. ತಡರಾತ್ರಿಯ ಸಾಲುಗಳಲ್ಲಿ ಗುರುವಿನ ಪಟ್ಟಿಗಳು ಚೊಕ್ಕ. ಕನ್ನಡಿಗೆ ಏನೂ ಆಗಿರಲಿಲ್ಲ, ಒಳಗಿನ ಬಿಸಿ ಇನ್ನೂ ಆರಿರಲಿಲ್ಲ ಅಷ್ಟೆ. ಆ ಪ್ರತಿಯೊಂದು ಸಾಲಿನ ಕೆಳಗೂ ಬೇರೆ ಬಣ್ಣದ ಶಾಯಿಯಲ್ಲಿ 'ತಣಿದಿರಲಿಲ್ಲ' ಅಂತ ಬರೆದು, ಅವತ್ತಿನ ತಾರೀಕು ಹಾಕಿದೆ.