ನೋರಿಲ್ಸ್ಕ್ ಕಟ್ಟಿದವರ ಸಂಗ್ರಹಾಲಯ ಮತ್ತು ನಮ್ಮ ಸೂಪಾದ ಹಾಜರಿ ಪುಸ್ತಕ

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ರಷ್ಯಾದ ನೋರಿಲ್ಸ್ಕ್ ನಗರವನ್ನು ಕಟ್ಟಿದ ಕಾರ್ಮಿಕರ ನೆನಪಿಗೆ ಅಲ್ಲೊಂದು ಸಂಗ್ರಹಾಲಯ ಇರುವುದು ನಿಜವೇ? ಅಂಥದ್ದನ್ನು ನಮ್ಮ ಕಾಳಿ ನದಿಯ ಜಲವಿದ್ಯುತ್ ಯೋಜನೆಯಲ್ಲಿ ದುಡಿದವರಿಗಾಗಿ ಸೂಪಾ ಅಣೆಕಟ್ಟಿನ ಬಳಿಯ ಗಣೇಶಗುಡಿಯಲ್ಲಿ ಮಾಡಬಹುದೇ? ಮೊದಲನೆಯದು ನಿಜ, ಆದರೆ ‘ಕಾರ್ಮಿಕರು’ ಎಂಬ ಪದವನ್ನು ಅಲ್ಲಿ ಅಷ್ಟು ಸಲೀಸಾಗಿ ಬಳಸಲಾಗದು. ನಾನು ಆ ಊರಿಗೆ ಹೋದವನಲ್ಲ. 2001ರಿಂದೀಚೆಗೆ ವಿದೇಶಿಯರು ವಿಶೇಷ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಆದ್ದರಿಂದ ಓದಿ ತಿಳಿದದ್ದನ್ನಷ್ಟೇ ಹೇಳುತ್ತೇನೆ. ಎರಡನೆಯ ಪ್ರಶ್ನೆಯ ವಿಷಯದಲ್ಲಿ ಮಾತ್ರ ಸ್ವಂತ ಅನುಭವವಿದೆ. ಸೂಪಾ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ನನ್ನ ತಂದೆ ಅಲ್ಲಿ ಗುತ್ತಿಗೆದಾರರೊಬ್ಬರ ಬಳಿ ಕೂಲಿಯವರ ಹಾಜರಿ ಬರೆಯುತ್ತಿದ್ದರು; ಶಿರಸಿಗೆ ಬಂದು ನೆಲೆಸುವ ಮೊದಲು ನನ್ನ ಬಾಲ್ಯದ ಕೆಲವು ವರ್ಷಗಳು ಅಲ್ಲಿನ ತಗಡಿನ ಶೆಡ್ಡುಗಳ ನಡುವೆ ಕಳೆದವು.

ನೋರಿಲ್ಸ್ಕ್ ಇರುವುದು ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 300 ಕಿ.ಮೀ. ಉತ್ತರಕ್ಕೆ. ಚಳಿಗಾಲದಲ್ಲಿ ಆರು ವಾರಕ್ಕೂ ಹೆಚ್ಚು ಕಾಲ ಸೂರ್ಯ ಮೂಡುವುದಿಲ್ಲ, ಮತ್ತು ದೇಶದ ಉಳಿದ ಭಾಗದಿಂದ ಅಲ್ಲಿಗೆ ಇಂದಿಗೂ ರಸ್ತೆಯಾಗಲಿ ರೈಲು ಹಳಿಯಾಗಲಿ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಯೆನಿಸೇ ನದಿಯ ದುದಿಂಕಾ ಬಂದರಿನ ಮೂಲಕ. ಇಂಥ ಜಾಗದಲ್ಲಿ ನಿಕ್ಕಲ್ ಮತ್ತು ತಾಮ್ರದ ಕಾರ್ಖಾನೆ ಕಟ್ಟಬೇಕೆಂದು ಸೋವಿಯತ್ ಸರ್ಕಾರ 1935ರ ಜೂನ್‌ನಲ್ಲಿ ತೀರ್ಮಾನಿಸಿತು. ಆ ಹೊಣೆಯನ್ನು ಅದು ಒಪ್ಪಿಸಿದ್ದು ಗಣಿ ಇಲಾಖೆಗಲ್ಲ, ಸೆರೆಶಿಬಿರಗಳನ್ನು ನಡೆಸುತ್ತಿದ್ದ ಒಳಾಡಳಿತ ಇಲಾಖೆಗೆ. ಅದೇ ಬೇಸಿಗೆಯಲ್ಲಿ ಕೈದಿಗಳ ಮೊದಲ ತಂಡವನ್ನು ನದಿಯ ದಾರಿಯಲ್ಲಿ ತಂದು ಇಳಿಸಲಾಯಿತು. 1950ರ ದಶಕದ ಆರಂಭಕ್ಕೆ ಅಲ್ಲಿನ ಕೈದಿಗಳ ಸಂಖ್ಯೆ ಸುಮಾರು 70,000ಕ್ಕೆ ಏರಿತ್ತು. ನೋರಿಲ್‌ಲಾಗ್ ಎಂಬ ಆ ಶಿಬಿರ ಮುಚ್ಚಿದ್ದು 1956ರಲ್ಲಿ. ಕೊಮ್ಸೊಮೊಲ್ ಎಂಬ ಯುವ ಸಂಘಟನೆಯ ಸ್ವಯಂಸೇವಕರು ತಂಡ ತಂಡವಾಗಿ ಬಂದದ್ದು ಅದೇ ವರ್ಷ. ಮುಂದೆ ಬಹುಕಾಲ ಆ ಊರಿನ ಅಧಿಕೃತ ಕಥೆಯಲ್ಲಿ ನಾಯಕರಾಗಿ ಮೆರೆದವರು ಈ ಎರಡನೆಯವರೇ.

ಊರಿನ ಮುಖ್ಯ ಸಂಗ್ರಹಾಲಯಕ್ಕೆ ದೀರ್ಘಕಾಲ ಇದ್ದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನೋರಿಲ್ಸ್ಕ್ ಕೈಗಾರಿಕಾ ಪ್ರದೇಶದ ಅಭಿವೃದ್ಧಿಯ ಇತಿಹಾಸ ಸಂಗ್ರಹಾಲಯ’ ಎಂದಾಗುತ್ತದೆ. ಹೆಸರಿನಲ್ಲಿ ಕೈದಿಗಳಿಲ್ಲ. ಒಳಗಿನ ಪ್ರದರ್ಶನದಲ್ಲಿ ಈಗ ಶಿಬಿರದ ಇತಿಹಾಸಕ್ಕೂ ಜಾಗವಿದೆ. ನನಗೆ ಇದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ ಸಂಗ್ರಹಾಲಯಕ್ಕೆ ಸೇರಿದ ‘ಮೊದಲ ಮನೆ’. ಅದು ಭೂವಿಜ್ಞಾನಿ ನಿಕೊಲಾಯ್ ಉರ್ವಾಂತ್ಸೆವ್ ಅವರ ತಂಡ 1921ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿಕೊಂಡ ಮನೆ. ಆ ನೆಲದಡಿ ಎಂಥ ಅದಿರಿದೆ ಎಂದು ಜಗತ್ತಿಗೆ ತೋರಿಸಿದ ಈ ಮನುಷ್ಯನನ್ನು 1938ರಲ್ಲಿ ಬಂಧಿಸಿದರು, ಮುಂದೆ ಅದೇ ನೋರಿಲ್ಸ್ಕ್‌ಗೆ ಕೈದಿಯಾಗಿ ಕಳುಹಿಸಿದರು. ಒಂದೇ ಮನೆಯಲ್ಲಿ ಊರಿನ ಎರಡೂ ಕಥೆಗಳಿವೆ.

ಹಾಗೆ ನೋಡಿದರೆ ಊರೇ ಒಂದು ಸಂಗ್ರಹಾಲಯ. ಎಂದೂ ಕರಗದ ಹಿಮನೆಲದ ಮೇಲೆ ಎತ್ತರದ ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸುವ ವಿಧಾನವನ್ನು ಅಲ್ಲಿ ಬೆಳೆಸಿದ ಇಂಜಿನಿಯರ್ ಮಿಖಾಯಿಲ್ ಕಿಮ್ ಕೈದಿಯಾಗಿಯೇ ಬಂದವರು. ಮುಖ್ಯ ಬೀದಿಯ ಅಂದವಾದ ಕಟ್ಟಡಗಳ ಹಿಂದೆ ಕೊಚಾರ್ ಮತ್ತು ಮಜ್ಮನ್ಯಾನ್ ಎಂಬ ಅರ್ಮೇನಿಯದ ಇಬ್ಬರು ವಾಸ್ತುಶಿಲ್ಪಿಗಳಿದ್ದಾರೆ, ಅವರೂ ಶಿಕ್ಷೆಗೊಳಗಾದವರೇ. ಸತ್ತವರಿಗಾಗಿ ಶ್ಮಿತಿಖಾ ಬೆಟ್ಟದ ಬುಡದ ಹಳೆಯ ಸ್ಮಶಾನದಲ್ಲಿ ‘ನೋರಿಲ್ಸ್ಕ್ ಗೊಲ್ಗೊಥಾ’ ಎಂಬ ಸ್ಮಾರಕಗಳ ಗುಂಪಿದೆ. ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ತಮ್ಮವರ ನೆನಪಿಗೆ ಅಲ್ಲಿ ಬೇರೆ ಬೇರೆ ಸ್ಮಾರಕ ನಿಲ್ಲಿಸಿವೆ.

ಈಗ ಸೂಪಾಕ್ಕೆ ಬರುತ್ತೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿಗೆ ಬಂದವರನ್ನು ಯಾರೂ ಬಂದೂಕು ತೋರಿಸಿ ತಂದಿರಲಿಲ್ಲ. ಊರಲ್ಲಿ ಮಳೆಯಿಲ್ಲದೆ, ಸಾಲ ತೀರಿಸಲಾಗದೆ ಮೇಸ್ತ್ರಿಯ ಹಿಂದೆ ಬಂದವರು ಅವರು, ಬೇಡವೆನಿಸಿದಾಗ ಹೊರಟುಹೋಗುತ್ತಿದ್ದರು. ಆದರೂ ಒಂದು ವಿಚಿತ್ರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ನೋರಿಲ್ಸ್ಕ್‌ಗೆ ಹೋದ ಕೈದಿಯ ಹೆಸರು, ಹುಟ್ಟಿದ ಊರು, ಶಿಕ್ಷೆಯ ಅವಧಿ ಎಲ್ಲವೂ ಅವನನ್ನು ಸೆರೆಯಲ್ಲಿಟ್ಟವರ ಕಡತದಲ್ಲಿ ದಾಖಲಾದವು. ಕ್ರಾಸ್ನೊಯಾರ್ಸ್ಕ್‌ನ ‘ಮೆಮೋರಿಯಲ್’ ಸಂಘದಂಥವರು ಮುಂದೆ ಹೆಸರಿನ ಪಟ್ಟಿಗಳನ್ನು ಮಾಡಲು ಸಾಧ್ಯವಾದದ್ದರಲ್ಲಿ ಅಂಥ ಕಡತಗಳ ಪಾಲೂ ಇದೆ. ನಮ್ಮಲ್ಲಿ ಕೂಲಿಗೆ ಬಂದವನ ಹೆಸರಾದರೋ ಹಾಜರಿ ಪುಸ್ತಕದಲ್ಲಿ ಬಟವಾಡೆಯ ದಿನದವರೆಗೆ ಇರುತ್ತಿತ್ತು. ಲೆಕ್ಕ ಚುಕ್ತಾ ಆದ ಮೇಲೆ ಆ ಪುಸ್ತಕಗಳ ಹಾಳೆಗಳಲ್ಲಿ ಶೇಂಗಾ ಕಟ್ಟಿಕೊಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆದ್ದರಿಂದ ಗಣೇಶಗುಡಿಯಲ್ಲಿ ಸಂಗ್ರಹಾಲಯ ಮಾಡುವುದಾದರೆ 101 ಮೀಟರ್ ಎತ್ತರದ ಅಣೆಕಟ್ಟಿನ ಮಾದರಿಯಿಂದ ಆರಂಭಿಸಬೇಡಿ. ಅಣೆಕಟ್ಟು ಹೊರಗೇ ಇದೆ, ಯಾರಿಗೂ ಕಾಣದೆ ಇರುವುದಿಲ್ಲ. ಬಾಂಡ್ಲಿ, ಪಿಕಾಸಿ, ಕೂಲಿ ಚೀಟಿ ಹಾಗೂ ಶೆಡ್ಡಿನಲ್ಲಿ ಹುಟ್ಟಿದ ಮಕ್ಕಳು ಈಗ ಎಲ್ಲಿದ್ದಾರೆ ಎಂಬುದನ್ನು ಹುಡುಕಿ. ತಾಲ್ಲೂಕು ಕೇಂದ್ರವಾಗಿದ್ದ ಹಳೆಯ ಸೂಪಾ ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು; ಹಾಗೆ ಮನೆ ಬಿಟ್ಟವರು ಕಟ್ಟಿದವರಲ್ಲ, ನಿಜ, ಆದರೆ ಅವರಿಗೊಂದು ಕೋಣೆಯಿಲ್ಲದ ಸಂಗ್ರಹಾಲಯಕ್ಕೆ ನಾನಂತೂ ಬರುವುದಿಲ್ಲ. ಕೊಂಕಣ ರೈಲ್ವೆ ಕಟ್ಟುವಾಗ ಪ್ರಾಣ ಕಳೆದುಕೊಂಡವರಿಗೆ ರತ್ನಾಗಿರಿಯಲ್ಲಿ ಸ್ಮಾರಕವಿದೆ. ಶಿರಸಿಯಿಂದ ಅದೇನೂ ಸೈಬೀರಿಯದಷ್ಟು ದೂರವಲ್ಲ, ಮೊದಲು ಅದನ್ನು ನೋಡಿ ಬನ್ನಿ.

ತಂದೆಯವರು ಇಟ್ಟುಕೊಂಡಿದ್ದ ಹಾಜರಿಯ ಒಂದೇ ಒಂದು ಹಾಳೆ ನನ್ನ ಬಳಿ ಉಳಿದಿದೆ. ಅದರಲ್ಲಿ ಹೆಬ್ಬೆಟ್ಟಿನ ಗುರುತುಗಳಿವೆ. ಹೆಸರಿರಬೇಕಾದ ಕಡೆ ‘ಗದಗಿನವ’, ‘ಸಣ್ಣವ’, ‘ಸಣ್ಣವನ ಹೆಂಡತಿ’ ಎಂದು ಅವರ ದುಂಡನೆಯ ಅಕ್ಷರಗಳಲ್ಲಿದೆ. ಕೆಲಸ ಆರಂಭವಾದರೆ ಅದನ್ನು ನಿಮಗೆ ಕೊಡುತ್ತೇನೆ. ಆದರೆ ಗಾಜಿನೊಳಗೆ ಇಡುವ ಮೊದಲು ಗಣೇಶಗುಡಿ, ದಾಂಡೇಲಿಗಳಲ್ಲಿ ಉಳಿದುಕೊಂಡಿರುವ ಆ ಕಾಲದ ಮುದುಕರಿಗೆ ಒಮ್ಮೆ ತೋರಿಸಿ. ‘ಸಣ್ಣವ’ ಎಂದರೆ ಯಾರೆಂದು ಹೇಳಬಲ್ಲವರು ಒಬ್ಬಿಬ್ಬರಾದರೂ ಇನ್ನೂ ಇರಬಹುದು.