ಹೊಸ ಮೋಟಾರು ತರಿಸಬೇಡಿ, ಮೊದಲು ಬಾಡಿ ಅರ್ತ್ ನೋಡಿ

ಕ್ಯಾರವಾನಿನ ಸ್ಲೈಡ್‌ಔಟ್ ಕೋಣೆ, ಅಂದರೆ ಗಾಡಿಯ ಬದಿಯಿಂದ ಹೊರಗೆ ಜಾರಿ ಬರುವ ಕೋಣೆ, ಅರ್ಧಕ್ಕೆ ನಿಲ್ಲುತ್ತದೆ, ಟಕ್ ಟಕ್ ಸದ್ದು ಬರುತ್ತದೆ, ಬ್ಯಾಟರಿ ಸರಿಯಾಗಿಯೇ ಇದೆ, ಹೆಚ್ಚು ಶಕ್ತಿಯ ಮೋಟಾರು ಹಾಕಿಸಲೇ ಅಥವಾ ಹೈಡ್ರಾಲಿಕ್ ಮಾಡಿಸಲೇ ಎಂದು ಕೇಳಿದ್ದೀರಿ. ಗಾಡಿ ಮಂಜೇಶ್ವರದಲ್ಲಿ ಕಡಲ ಬದಿಗೆ ನಿಂತಿದೆ ಎಂದೂ ಬರೆದಿದ್ದೀರಿ. ನಾನು ಮೇಲೆ ಹೇಳಿದ ಬಾಡಿ ಅರ್ತ್ ಎಂದರೆ ಕರೆಂಟು ಬ್ಯಾಟರಿಯ ನೆಗೆಟಿವಿಗೆ ಮರಳಲೆಂದು ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದ ಜೋಡಣೆ. ‘ಬ್ಯಾಟರಿ ಸರಿಯಾಗಿಯೇ ಇದೆ’ ಎಂಬಲ್ಲಿಗೆ ಬಂದಾಗ ನನ್ನ ಹೊಟ್ಟೆ ತೊಳೆಸಿತು. 2023ರ ಜೂನ್‌ನಲ್ಲಿ ಇದೇ ಮಾತನ್ನು ನಾನು ನಮ್ಮ ಭಾವನಿಗೆ ಹೇಳಿದ್ದೆ, ಅದೂ ಮೀಟರ್ ಹಿಡಿದುಕೊಂಡು.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟ. 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ್ದೇ ತಡ, ಭಾವನಿಗೆ ಹುಚ್ಚು ಹತ್ತಿತು. ಬೇಕಲ ಕೋಟೆ ನೋಡಲು ಬಂದವರು, ಅನಂತಪುರದ ಕೆರೆ ದೇವಸ್ಥಾನಕ್ಕೆ ಬಂದವರು ನಮ್ಮ ತೋಟದಲ್ಲಿ ಒಂದು ರಾತ್ರಿ ಉಳಿಯುತ್ತಾರೆ ಎಂಬುದು ಅವನ ಲೆಕ್ಕ. ಘಟ್ಟದ ಮೇಲಿನವರೊಬ್ಬರಿಂದ ಮಿನಿ ಬಸ್ಸಿನ ಮೇಲೆ ಕಟ್ಟಿದ ಹಳೆಯ ಕ್ಯಾರವಾನ್ ತಂದೆವು. ಸ್ಲೈಡ್‌ಔಟ್ ಗಾಡಿಯೊಂದಿಗೆ ಬಂದದ್ದಲ್ಲ, ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಹೊರದೇಶದ ಕಿಟ್ ತರಿಸಿ ಕೂರಿಸಿದ್ದು. ಗುಂಡಿ ಒತ್ತಿ ಹಿಡಿದರೆ ಬಲಬದಿಯ ಗೋಡೆ ಮಂಚದ ಸಮೇತ ಎರಡೂವರೆ ಅಡಿ ಹೊರಗೆ ಚಾಚುತ್ತದೆ. ಅಡಿಯಲ್ಲಿ ಎರಡು ಹಲ್ಲಿನ ಪಟ್ಟಿ, ಅವುಗಳಿಗೆ ಕಚ್ಚಿಕೊಳ್ಳುವ ಎರಡು ಹಲ್ಲಿನ ಚಕ್ರ, ನಡುವೆ ಒಂದು ಶಾಫ್ಟು, ಎಲ್ಲವನ್ನೂ ತಿರುಗಿಸಲು 12 ವೋಲ್ಟಿನ ಒಂದೇ ಒಂದು ಮೋಟಾರು. ಮೊದಲ ಸಲ ತೆರೆದು ತೋರಿಸಿದಾಗ ಅಮ್ಮ ಅಂಗಳದಲ್ಲಿ ನಿಂತು, ‘ನಿನ್ನ ಅಪ್ಪನಿಗೆ ಜಗಲಿ ಇಳಿಸಲು ಎರಡು ಬೇಸಿಗೆ ಬೇಕಾಗಿತ್ತು’ ಎಂದರು.

ಮಳೆ ಹಿಡಿಯುವ ಹೊತ್ತಿಗೆ ಕೊನೆಯ ಅತಿಥಿಗಳು ಹೋದರು. ಕೋಣೆಯನ್ನು ಒಳಗೆ ಎಳೆಯೋಣ ಎಂದು ಗುಂಡಿ ಒತ್ತಿದೆ. ಒಂದು ಗೇಣು ಬಂತು, ನಿಂತಿತು. ಟಕ್. ಬಿಟ್ಟು ಮತ್ತೆ ಒತ್ತಿದೆ. ಟಕ್ ಟಕ್ ಟಕ್. ಮೀಟರ್ ತಂದು ಬ್ಯಾಟರಿಯ ಎರಡು ತುದಿಗೆ ಹಿಡಿದೆ: 12.6 ವೋಲ್ಟ್. ತುಂಬಿದ ಬ್ಯಾಟರಿ ಎಂದರೆ ಅಷ್ಟೇ. ‘ಬ್ಯಾಟರಿ ಸರಿಯಾಗಿಯೇ ಇದೆ ಭಾವ, ಮೋಟಾರು ಹೋಯಿತು’ ಎಂದು ತೀರ್ಪು ಕೊಟ್ಟೆ. ಭಾವ ಆ ಸಂಜೆಯೇ ಮೋಟಾರಿಗೆ ಆರ್ಡರ್ ಹಾಕಿದ. ಮೂವತ್ತೆಂಟು ಸಾವಿರ ರೂಪಾಯಿ.

ನನ್ನ ತಪ್ಪು ಇದ್ದದ್ದು ಆ ಅಳತೆಯಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರಿಸಬೇಡಿ. ನಾನು ಅಳೆದದ್ದು ಗುಂಡಿಯಿಂದ ಕೈ ತೆಗೆದ ಮೇಲೆ. ಅಂದರೆ ಮೋಟಾರು ಏನನ್ನೂ ಎಳೆಯದಿರುವಾಗ.

ನಮ್ಮ ಗುಡ್ಡದಲ್ಲಿ ಸುರಂಗವಿದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲ, ಅದರಿಂದ ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಕಪ್ಪು ಪೈಪು ಮನೆಗೆ ಇಳಿಯುತ್ತದೆ. ಆ ಪೈಪಿನೊಳಗೆ ಎಲ್ಲೋ ಬೇರು ನುಗ್ಗಿ ಮುಕ್ಕಾಲು ಪಾಲು ಮುಚ್ಚಿದೆ ಎಂದಿಟ್ಟುಕೊಳ್ಳಿ. ನಲ್ಲಿ ಮುಚ್ಚಿಟ್ಟು ಅದರ ಬಾಯಲ್ಲಿ ಒತ್ತಡ ಅಳೆದರೆ ಏನು ಕಾಣುತ್ತದೆ? ಪೂರ್ತಿ ಒತ್ತಡ. ನೀರು ಹರಿಯದಿರುವಾಗ ಬೇರು ಯಾವುದನ್ನೂ ತಡೆಯುವುದಿಲ್ಲ. ನಲ್ಲಿ ತೆರೆಯಿರಿ, ಕೊಡ ತುಂಬಲು ಅರ್ಧ ಗಂಟೆ. ತಂತಿಯ ಕಥೆಯೂ ಇದೇ. ಕರೆಂಟು ಹರಿಯದಿರುವಾಗ ತುಕ್ಕು ಹಿಡಿದ ಬೋಲ್ಟೂ ಹೊಸ ಬೋಲ್ಟೂ ಮೀಟರಿಗೆ ಒಂದೇ.

ಲೆಕ್ಕ ಹಾಕಿ ನೋಡಿ. ಭಾರ ಎಳೆಯುವಾಗ ಮೋಟಾರು 30 ಆಂಪಿಯರ್ ತೆಗೆದುಕೊಳ್ಳುತ್ತದೆ ಎನ್ನೋಣ. ದಾರಿಯಲ್ಲಿ ಒಂದು ಬೋಲ್ಟಿನ ಜೋಡಣೆ ಕೆಟ್ಟಿದೆ, ಅದರ ತಡೆ ಒಂದು ಓಮಿನ ಹತ್ತನೇ ಒಂದು ಪಾಲು ಮಾತ್ರ. 30ನ್ನು 0.1ರಿಂದ ಗುಣಿಸಿದರೆ 3 ವೋಲ್ಟ್. ಅಷ್ಟನ್ನು ಆ ಬೋಲ್ಟು ಒಂದೇ ನುಂಗುತ್ತದೆ. ಭಾರ ಬಿದ್ದಾಗ ಬ್ಯಾಟರಿಯೂ ಸ್ವಲ್ಪ ಕುಗ್ಗುತ್ತದೆ. 12 ವೋಲ್ಟಿನ ಮೋಟಾರಿಗೆ ಕೊನೆಗೆ ತಲುಪುವುದು ಒಂಬತ್ತು ಚಿಲ್ಲರೆ. ನುಂಗಿದ ಮೂರು ವೋಲ್ಟ್ ಎಲ್ಲಿ ಹೋಯಿತು ಎಂದರೆ ಬೋಲ್ಟಿನಲ್ಲಿಯೇ 90 ವಾಟ್ ಬಿಸಿಯಾಗಿ ಕೂತಿತು. ಮೀಟರನ್ನು ಓಮಿಗೆ ತಿರುಗಿಸಿ ಹುಡುಕುತ್ತೇನೆ ಎಂದು ಹೊರಡಬೇಡಿ. ಅಷ್ಟು ತಡೆ ಮೀಟರಿನ ಎರಡು ತಂತಿಗಳಲ್ಲೇ ಇರುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ.

ಟಕ್ ಟಕ್ ಸದ್ದು ಮೋಟಾರಿನದೂ ಅಲ್ಲ. ಅದು ರಿಲೇ, ಅಂದರೆ ಗುಂಡಿ ಒತ್ತಿದಾಗ ಕಚ್ಚಿಕೊಂಡು ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು. ನಮ್ಮ ಗಾಡಿಯಲ್ಲಿ ರಿಲೇ ಡಬ್ಬಿಯ ಅರ್ತೂ ಅಂಥ ಕೆಟ್ಟ ಬೋಲ್ಟಿಗೇ ಕಟ್ಟಿತ್ತು. ವೋಲ್ಟೇಜ್ ಬಿದ್ದಾಗ ರಿಲೇ ಹಿಡಿತ ಬಿಡುತ್ತದೆ, ಬಿಟ್ಟ ಕೂಡಲೇ ಭಾರ ತಪ್ಪಿ ವೋಲ್ಟೇಜ್ ಏರುತ್ತದೆ, ಏರಿದ ಕೂಡಲೇ ಮತ್ತೆ ಕಚ್ಚುತ್ತದೆ, ಮತ್ತೆ ಬಿಡುತ್ತದೆ. ನಿಮ್ಮದೂ ಹೀಗೆಯೇ ಎಂದು ಗಾಡಿ ನೋಡದೆಯೇ ನೂರಕ್ಕೆ ತೊಂಬತ್ತು ಪಾಲು ಹೇಳಬಲ್ಲೆ.

ನಾಚಿಕೆಯ ವಿಷಯ ಇನ್ನೊಂದಿದೆ. ಬೇಸಿಗೆಯಲ್ಲಿ ಊರಿನ ಎಲ್ಲ ಪಂಪುಗಳೂ ಒಟ್ಟಿಗೆ ಓಡುವಾಗ ನಮ್ಮ ತೋಟದ ಪಂಪು ಗುಂಯ್ ಎಂದು ಗುನುಗಿ ಏಳದೆ ಕೂರುತ್ತದೆ. ಆಗ ಪಂಪು ಹೋಯಿತು ಎಂದು ಯಾವ ಅಡಿಕೆ ಕೃಷಿಕನೂ ಹೇಳುವುದಿಲ್ಲ, ಗೋಡೆಯ ವೋಲ್ಟ್‌ಮೀಟರಿನ ಮುಳ್ಳು ನೋಡುತ್ತಾನೆ. ಮೂವತ್ತು ವರ್ಷ ಹಾಗೆ ನೋಡಿದವನು ನಾನು. ಅದೇ ರೋಗ ಗಾಡಿಯಲ್ಲಿ ಕಂಡಾಗ ಗುರುತು ಸಿಗಲಿಲ್ಲ.

ಮೋಟಾರು ಬರಲು ಹತ್ತೊಂಬತ್ತು ದಿನ ಹಿಡಿಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ನಮ್ಮ ಮಳೆಯಲ್ಲಿ ಜೂನ್ ತಿಂಗಳ ಹತ್ತೊಂಬತ್ತು ದಿನ. ಸ್ಲೈಡ್‌ಔಟಿನ ಸುತ್ತಲಿನ ರಬ್ಬರ್ ಸೀಲು ಪೂರ್ತಿ ಒಳಗಿದ್ದಾಗ ಅಥವಾ ಪೂರ್ತಿ ಹೊರಗಿದ್ದಾಗ ಮಾತ್ರ ಒತ್ತಿ ಕೂರುತ್ತದೆ. ನಡುವೆ ನಿಂತರೆ ನೀರಿಗೆ ಬಾಗಿಲು ತೆರೆದಿಟ್ಟಂತೆ. ಟಾರ್ಪಾಲು ಹೊದೆಸಿದೆವು, ಗಾಳಿ ಹಾರಿಸಿತು. ಹಗ್ಗ ಬಿಗಿದೆವು, ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ನಿಂತಿತು, ಅದರ ಮೇಲೆ ಒಂದು ಸೋಗೆ ಬಿದ್ದು ಹರಿಯಿತು. ಹತ್ತನೆಯ ದಿನಕ್ಕೆ ನೆಲದ ಪ್ಲೈವುಡ್ ಹಲಸಿನ ಹಪ್ಪಳದ ಹಾಗೆ ಉಬ್ಬಿತ್ತು.

ನಡುವೆ ಒಂದು ದಿನ ಅಡಿಕೆ ಕೊನೆ ತೆಗೆಯಲು ಬರುವ ನಾಲ್ಕು ಜನರನ್ನು ಕರೆದು ಹೊರಗಿನಿಂದ ನೂಕಿಸಿದೆ. ಹಿಂದಿನ ಮೂಲೆ ಅರ್ಧ ಇಂಚು ಒಳಗೆ ಹೋಯಿತು, ಮುಂದಿನದು ಕದಲಲಿಲ್ಲ, ಕೋಣೆ ಓರೆಯಾಗಿ ಕಚ್ಚಿಕೊಂಡಿತು. ಅದನ್ನು ಮತ್ತೆ ಸರಿಗೆ ತರಲು ಇನ್ನೊಂದು ಮಧ್ಯಾಹ್ನ ಹೋಯಿತು. ನೂಕಬೇಡಿ. ಈ ಜಾತಿಯ ಸ್ಲೈಡ್‌ಔಟನ್ನು ಕೈಯಿಂದ ಎಳೆದುಕೊಳ್ಳಲು ದಾರಿ ಇರುತ್ತದೆ: ಮೋಟಾರಿನ ಬ್ರೇಕಿನ ಚಿಕ್ಕ ಲಿವರ್ ಬಿಡಿಸಿ, ಹಿಡಿಕೆ ಸಿಕ್ಕಿಸಿ ಶಾಫ್ಟನ್ನು ತಿರುಗಿಸಬೇಕು. ನಮ್ಮ ಹಿಡಿಕೆ ಸೀಟಿನ ಅಡಿಯಲ್ಲಿ ಮೊದಲ ದಿನದಿಂದಲೂ ಇತ್ತು. ಜಾಕಿನದು ಎಂದುಕೊಂಡು ಅದನ್ನು ನಾನೇ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆ. ಅದು ಗೊತ್ತಿದ್ದಿದ್ದರೆ ಮೋಟಾರು ಬರುವವರೆಗೆ ಕೋಣೆ ಒಳಗಿರುತ್ತಿತ್ತು, ನೆಲ ಉಳಿಯುತ್ತಿತ್ತು.

ಹೊಸ ಮೋಟಾರು ಬಂತು. ಕೂರಿಸಿದೆವು. ಭಾವ ಗುಂಡಿ ಒತ್ತಿದ. ಟಕ್.

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಕುಂಬಳೆಯಿಂದ ಆಟೋ ಎಲೆಕ್ಟ್ರೀಷಿಯನ್ ಬಂದರು, ಎಲ್ಲರೂ ಆಶಾನ್ ಎಂದು ಕರೆಯುವ ಹಿರಿಯರು. ಮೋಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ಸ್ಕೂಟರಿನಿಂದ ದಪ್ಪ ಜಂಪರ್ ಕೇಬಲ್ ತೆಗೆದು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ರಿಲೇ ಡಬ್ಬಿಯ ಕಪ್ಪು ತಂತಿಯ ತುದಿಗೆ ಕಚ್ಚಿಸಿ ‘ಒತ್ತಿ’ ಎಂದರು. ಕೋಣೆ ತೊಟ್ಟಿಲು ತೂಗಿದಷ್ಟು ಸಲೀಸಾಗಿ ಒಳಗೆ ಬಂತು. ಆಮೇಲೆ ಗಾಡಿಯ ಅಡಿಗೆ ತೆವಳಿ ಬೋಲ್ಟು ತೋರಿಸಿದರು. ವರ್ಕ್‌ಶಾಪಿನವರು ಚಾಸಿಸಿಗೆ ಕಪ್ಪು ಪೇಂಟು ಬಳಿದು, ಆ ಪೇಂಟಿನ ಮೇಲೆಯೇ ತಂತಿಯ ಲಗ್ (ತುದಿಯ ಲೋಹದ ಬಳೆ) ಇಟ್ಟು ಬಿಗಿದಿದ್ದರು. ಬೋಲ್ಟಿನ ತಿರುಪಿನ ಗೆರೆಗಳ ಮೂಲಕ ಕರೆಂಟು ಹರಿದು ಹೇಗೋ ಎರಡು ವರ್ಷ ನಡೆದಿತ್ತು. ಬಿಚ್ಚಿದಾಗ ಒಳಗೆ ಕೆಂಪು ತುಕ್ಕು, ತಾಮ್ರದ ಮೇಲೆ ಹಸಿರು ಕಿಲುಬು. ಆಶಾನ್ ನನ್ನ ಹಳೆಯ ಮೋಟಾರನ್ನು ನೆಲದ ಮೇಲಿಟ್ಟು ಬ್ಯಾಟರಿಗೆ ನೇರ ಮುಟ್ಟಿಸಿದರು, ಅದು ಕಪ್ಪೆಯ ಹಾಗೆ ನೆಗೆಯಿತು. ‘ಇದು ಸತ್ತಿಲ್ಲ ಭಟ್ಟರೇ, ಇದಕ್ಕೆ ಊಟ ಸಿಕ್ಕಿಲ್ಲ’ ಎಂದರು. ಮುನ್ನೂರು ರೂಪಾಯಿ ತೆಗೆದುಕೊಂಡು ಹೋದರು.

ಈಗ ನಿಮ್ಮ ಪ್ರಶ್ನೆಗೆ. ದೊಡ್ಡ ಮೋಟಾರೋ ಹೈಡ್ರಾಲಿಕ್ಕೋ ಎಂದರೆ ನನ್ನ ಉತ್ತರ ಎರಡೂ ಬೇಡ. ದೊಡ್ಡ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಅದೇ ಕೆಟ್ಟ ಬೋಲ್ಟಿನಲ್ಲಿ ಇನ್ನೂ ಹೆಚ್ಚು ವೋಲ್ಟ್ ಕಳೆದುಕೊಳ್ಳುತ್ತದೆ. ಬೋಲ್ಟು ಸರಿಯಿದ್ದು ಕೋಣೆ ಎಲ್ಲಾದರೂ ಸಿಕ್ಕಿಕೊಂಡಿದ್ದರೆ, ಚಿಕ್ಕ ಮೋಟಾರು ನಿಂತುಬಿಡುವ ಜಾಗದಲ್ಲಿ ದೊಡ್ಡದು ಹಲ್ಲು ಮುರಿಯುತ್ತದೆ. ಹೈಡ್ರಾಲಿಕ್ಕಿನ ಎಣ್ಣೆ ನೂಕುವುದೂ 12 ವೋಲ್ಟಿನ ಮೋಟಾರೇ. ಮೇಲಾಗಿ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡ ಬರುತ್ತದೆ. ಬಾಡಿ ಕಟ್ಟುವವರು ಅದನ್ನು ನಿಮಗೆ ಹೇಳುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಮನೆಯವರೊಬ್ಬರನ್ನು ಗುಂಡಿಯ ಬಳಿ ನಿಲ್ಲಿಸಿ, ಮೀಟರಿನ ತಂತಿಗಳ ಎರಡು ಮೊನೆಯನ್ನು ಮೋಟಾರಿಗೆ ಹೋಗುವ ಎರಡು ತಂತಿಗೆ ಹಿಡಿಯಿರಿ. ಅವರು ಒತ್ತಿರುವಾಗ, ಒತ್ತಿರುವಾಗಲೇ, ಓದಿ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಿಸಬೇಡಿ, ಸಿಕ್ಕಿಕೊಂಡ ಮೋಟಾರು ಸುಡುತ್ತದೆ. ಹತ್ತಕ್ಕಿಂತ ಕೆಳಗೆ ಬಂದರೆ ತಪ್ಪು ಹೆಚ್ಚಾಗಿ ದಾರಿಯದು, ಮೋಟಾರಿನದಲ್ಲ. ಆಗ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ರಿಲೇ ಡಬ್ಬಿಯ ಕಪ್ಪು ತಂತಿಗೆ ಹಿಡಿದು ಮತ್ತೆ ಒತ್ತಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿನ ಜೋಡಣೆಯೇ ಕಳ್ಳ. ತೋರಿಸದಿದ್ದರೆ ಪಾಸಿಟಿವ್ ಬದಿಯಲ್ಲಿ ಹೀಗೆಯೇ ಹುಡುಕುತ್ತಾ ಬನ್ನಿ. ಫ್ಯೂಸಿನ ಗೂಡಿನಲ್ಲಿ ಉಪ್ಪು ಗಾಳಿ ಮೊದಲು ಮನೆ ಮಾಡುತ್ತದೆ. ಸಿಕ್ಕಿದ ಮೇಲೆ ಹೊಳೆಯುವ ಕಬ್ಬಿಣ ಕಾಣುವವರೆಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಲಗ್ ಹಾಕಿ ಬಿಗಿದು, ಆಮೇಲೆ ಗ್ರೀಸೋ ಪೇಂಟೋ ಬಳಿಯಿರಿ. ಮೊದಲು ಬಳಿದರೆ ನನ್ನ ವರ್ಕ್‌ಶಾಪಿನವರ ಬುದ್ಧಿಯಾಯಿತು. ಕೋಣೆಯನ್ನು ಆಡಿಸುವಾಗ ಚಾರ್ಜರ್ ಹಾಕಿರಿ. ಎಂಜಿನ್ ಓಡುತ್ತಿದ್ದರೆ ಇನ್ನೂ ಒಳ್ಳೆಯದು, ಆದರೆ ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆಯದೆ ಸ್ಲೈಡ್‌ಔಟ್ ಅಲ್ಲಾಡುವುದೇ ಇಲ್ಲ, ಅದನ್ನು ರೋಗವೆಂದು ತಿಳಿಯಬೇಡಿ.

ವೋಲ್ಟ್ ಚೆನ್ನಾಗಿಯೇ ತಲುಪುತ್ತಿದ್ದರೆ ಗಾಡಿ ಸಮತಟ್ಟಾಗಿ ನಿಂತಿದೆಯೇ, ಚಾವಣಿಯ ಮೇಲೆ ನೀರು, ಎಲೆ, ಮಡಲು ಇದೆಯೇ, ಒಳಗೆ ಮಂಚದ ಸಂದಿಯಲ್ಲಿ ಮಕ್ಕಳ ಚಪ್ಪಲಿ ಸಿಕ್ಕಿದೆಯೇ ನೋಡಿ. ಮೋಟಾರು ತಿರುಗುವ ಸದ್ದಿದ್ದೂ ಕೋಣೆ ಕದಲದಿದ್ದರೆ ಶಾಫ್ಟಿನ ಪಿನ್ನು ತುಂಡಾಗಿರಬಹುದು, ಅದು ಚಿಲ್ಲರೆ ಖರ್ಚು. ನಿಮ್ಮದು ಗೋಡೆಯ ಎರಡು ಬದಿಗೂ ಒಂದೊಂದು ಮೋಟಾರು ಇರುವ ಜಾತಿಯದಾದರೆ ಲೆಕ್ಕ ಬೇರೆ: ಎರಡರ ಹೆಜ್ಜೆ ತಪ್ಪಿದರೆ ಕೈಪಿಡಿಯಲ್ಲಿರುವ ಕ್ರಮದಂತೆ ಹೊಂದಿಸಿಕೊಳ್ಳಬೇಕು, ಒಂದನ್ನೇ ಓಡಿಸಲು ಹೋಗಬಾರದು.

ಸೀಲಿಗೆ ಒಣಗುವ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ನಮ್ಮ ಭಾವ ತೆಂಗಿನೆಣ್ಣೆ ಸವರಿದ. ಇಲಿಗಳು ಬಹಳ ಮೆಚ್ಚಿಕೊಂಡವು.

ಇನ್ನು, ಕಡಲ ಬದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಲೈಡ್‌ಔಟ್ ತೆರೆಯುವುದೇ ನನಗೆ ಸರಿ ಕಾಣುವುದಿಲ್ಲ. ಎರಡೂವರೆ ಅಡಿ ಜಾಗಕ್ಕಾಗಿ ನಾಲ್ಕು ತಿಂಗಳು ಕಿವಿ ನಿಮಿರಿಸಿ ಮಲಗಬೇಕು. ಅತಿಥಿಗಳಿಗೆ ಇಕ್ಕಟ್ಟಾದರೆ ನಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೊಡುತ್ತೇನೆ, ಈವರೆಗೆ ಯಾರೂ ದೂರಿಲ್ಲ.

ಅಳೆದು ನೋಡಿ, ಒತ್ತಿರುವಾಗ ಎಷ್ಟು ವೋಲ್ಟ್ ಬಂತು ಎಂದು ಇಲ್ಲಿ ಬರೆಯಿರಿ. ನಿಮ್ಮ ಮೋಟಾರು ನಿಜವಾಗಿಯೂ ಸತ್ತಿದ್ದರೆ ಬದಿಯಡ್ಕಕ್ಕೆ ಬನ್ನಿ. ಗಾಡಿಯಲ್ಲಿ ಹಳೆಯದನ್ನೇ ಮತ್ತೆ ಕೂರಿಸಿದ್ದೇನೆ, ಇಂದಿಗೂ ಓಡುತ್ತಿದೆ. ಮೂವತ್ತೆಂಟು ಸಾವಿರದ್ದು ಅಟ್ಟದಲ್ಲಿ ಹಪ್ಪಳದ ಡಬ್ಬಿಗಳ ಪಕ್ಕ ಪೆಟ್ಟಿಗೆಯಲ್ಲೇ ಕೂತಿದೆ. ಅಳತೆ ತೋರಿಸದೆ ಮಾತ್ರ ಕೊಡುವುದಿಲ್ಲ.