ಮಂಡಿ ಸವೆತ: ವ್ಯಾಯಾಮ ನಾಲ್ಕೇ ದಿನಕ್ಕೆ ನಿಲ್ಲುವುದೇಕೆ?

ಪ್ರಶ್ನೆ: ನನಗೆ 58 ವರ್ಷ. ಎರಡೂ ಮಂಡಿ ಸವೆದಿವೆ, ಎಕ್ಸ್‌-ರೇಯಲ್ಲಿ ಗ್ರೇಡ್ 3 (ಸವೆತದ ನಾಲ್ಕು ಹಂತಗಳಲ್ಲಿ ಮೂರನೆಯದು) ಎಂದು ಬಂದಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಶುರು ಮಾಡುತ್ತೇನೆ, ನಾಲ್ಕು ದಿನಕ್ಕೆ ನೋವು ಜಾಸ್ತಿಯಾಗಿ ಬಿಟ್ಟುಬಿಡುತ್ತೇನೆ. ಸವೆದದ್ದನ್ನು ಇನ್ನಷ್ಟು ಸವೆಸುತ್ತಿದ್ದೇನೇನೋ ಎಂಬ ಭಯ ಬೇರೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?
— ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇದೆ, ಇಲ್ಲದಿದ್ದರೆ ಮತ್ತೆ ಮತ್ತೆ ಶುರು ಮಾಡುತ್ತಿರಲಿಲ್ಲ. ತಪ್ಪಿರುವುದು ಪ್ರಮಾಣ.

ಮೊದಲು ಭಯದ ವಿಷಯ. ಕೀಲಿನೊಳಗೆ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಕಾರ್ಟಿಲೇಜ್ ಪದರಕ್ಕೆ ರಕ್ತನಾಳಗಳಿಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಭಾರ ಬಿದ್ದು, ಬಿಟ್ಟು, ಮತ್ತೆ ಬಿದ್ದಾಗಲೇ ಆ ದ್ರವ ಒಳಗೆ ಹೊರಗೆ ಓಡಾಡುವುದು. ಹದವಾದ ವ್ಯಾಯಾಮದಿಂದ ಮಂಡಿ ಸವೆಯುವುದಿಲ್ಲ. ಸುಮ್ಮನೆ ಕೂತರೆ ತೊಡೆಯ ಸ್ನಾಯು ಸೊರಗಿ, ಹೊರೆಯೆಲ್ಲ ಕೀಲಿನ ಮೇಲೆ ಬೀಳುತ್ತದೆ. ಎಕ್ಸ್‌-ರೇಯ ಗ್ರೇಡ್‌ಗೂ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಆ ಸಂಖ್ಯೆ ನೋಡಿ ಕಂಗೆಡಬೇಡಿ.

ನೋವನ್ನು 0ಯಿಂದ 10ರವರೆಗೆ ಅಳೆಯಿರಿ. ವ್ಯಾಯಾಮ ಮಾಡುವಾಗ 5ರವರೆಗೆ ಹೋದರೂ ಪರವಾಗಿಲ್ಲ, ಆದರೆ 24 ಗಂಟೆಯೊಳಗೆ ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಥವಾ ಮಂಡಿ ಊದಿದರೆ ಮುಂದಿನ ಸಲ ಎಣಿಕೆ ಅರ್ಧ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಹೆಚ್ಚಿನವರು ಎಡವುವುದು ನೋವು ಕಡಿಮೆ ಇದ್ದ ದಿನ: ಇವತ್ತು ಆರಾಮಿದೆ ಎಂದು ವ್ಯಾಯಾಮ ದುಪ್ಪಟ್ಟು, ಜೊತೆಗೆ ಸಂತೆ, ಅಟ್ಟ ಗುಡಿಸುವುದು. ಮರುದಿನ ಹಾಸಿಗೆ. ದೂರು ಮಾತ್ರ ವ್ಯಾಯಾಮದ ಮೇಲೆ! ಆರಾಮಿದ್ದ ದಿನವೂ ಗೊತ್ತುಪಡಿಸಿದ ಎಣಿಕೆಗೇ ನಿಲ್ಲಿಸಿ.

ಎರಡೇ ವ್ಯಾಯಾಮದಿಂದ ಶುರು ಮಾಡಿ. ಮಂಚದ ಮೇಲೆ ಕಾಲು ಚಾಚಿ, ಟವಲ್ ಸುರುಳಿ ಮಾಡಿ ಮಂಡಿಯ ಕೆಳಗಿಟ್ಟು ಕೆಳಕ್ಕೆ ಒತ್ತಿ. ತೊಡೆಯ ಮೇಲೆ ಕೈ ಇಟ್ಟು ನೋಡಿ: ಸ್ನಾಯು ಗಟ್ಟಿಯಾಗಬೇಕು, ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯಬೇಕು. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಉಸಿರು ಕಟ್ಟುವ ಅಭ್ಯಾಸವಿದ್ದರೆ ಬಾಯಿಬಿಟ್ಟು ಎಣಿಸಿ.

ಎರಡನೆಯದು ಕುರ್ಚಿಯಿಂದ ಎದ್ದು ಕೂರುವುದು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಮರದ್ದನ್ನು ಗೋಡೆಗೆ ಒತ್ತಿಡಿ. ಸೀಟು ತಗ್ಗಾದಷ್ಟೂ ಮಂಡಿಗೆ ಕಷ್ಟ, ಹಾಗಾಗಿ ಮೊದಮೊದಲು ಕಂಬಳಿ ಮಡಚಿ ಎರಡು ಮೂರು ಇಂಚು ಎತ್ತರಿಸಿಕೊಳ್ಳಿ. ಪಾದ ಸ್ವಲ್ಪ ಅಗಲಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ. ಮಂಡಿಗಳು ಒಳಕ್ಕೆ ವಾಲದಿರಲಿ. ಕೂರುವಾಗ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ. ಬಹುತೇಕರು ಕೊನೆಗೆ ಧೊಪ್ಪನೆ ಕೂತುಬಿಡುತ್ತಾರೆ, ತೊಡೆಗೆ ಒಳ್ಳೆಯ ಕೆಲಸ ಸಿಗುವುದೇ ಆ ಇಳಿತದಲ್ಲಿ. 8ರಂತೆ ಎರಡು ಸಲ, ದಿನ ಬಿಟ್ಟು ದಿನ ಸಾಕು. ಒಂದೇ ಸಲಕ್ಕೆ 12 ಸಲೀಸಾದ ಮೇಲೆ ಕಂಬಳಿ ತೆಗೆಯಿರಿ.

ಫಲ ಕಾಣಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ದಿನದಿನದ ನೋವನ್ನೇ ಅಳತೆಗೋಲು ಮಾಡಿಕೊಂಡರೆ ಉತ್ಸಾಹ ಉಳಿಯದು, ಅದು ಏರಿಳಿಯುತ್ತಲೇ ಇರುತ್ತದೆ. ಬದಲಿಗೆ 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಎದ್ದು ಕೂರಬಲ್ಲಿರಿ ಎಂದು ಎರಡು ವಾರಕ್ಕೊಮ್ಮೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಶ್ನೆ: ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ವಾಕಿಂಗ್ ಎಂದು ಪ್ರತಿ ಸೋಮವಾರ ಅಂದುಕೊಳ್ಳುತ್ತೇನೆ. ಆಗುವುದೇ ಇಲ್ಲ.
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಐದೇ ಗಂಟೆ ಯಾಕೆ? ಮಂಡಿ ಸವೆತದವರಿಗೆ ಎದ್ದ ಕೂಡಲೇ ಕೀಲು ಬಿಗಿದಿರುತ್ತದೆ, ಸಡಿಲವಾಗಲು ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಸಮಯ ಹಿಡಿಯುತ್ತದೆ. ಸಂಜೆ ನಡೆದರೂ ಅಷ್ಟೇ ಲಾಭ. ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಆದೀತು. ಹೇಗೂ ಆಗುವ ಕೆಲಸಕ್ಕೆ ವ್ಯಾಯಾಮವನ್ನು ಗಂಟು ಹಾಕಿ: ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ ಟವಲ್ ಒತ್ತುವುದು ಮುಗಿಯುತ್ತದೆ. ಹಾಲು ಕಾಯುವಾಗ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಹೆಚ್ಚು ನಡೆಯಲೆಂದು ನೋವಿನ ಗುಳಿಗೆ ಹೆಚ್ಚಿಸುವುದು ಮಾತ್ರ ಬೇಡ.

ಪ್ರಶ್ನೆ: ವಜ್ರಾಸನ ಬಿಟ್ಟೇಬಿಡಬೇಕೆ?
— ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಮಂಡಿ ಪೂರ್ತಿ ಮಡಚಿದಾಗ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ನೋವಾದರೆ ಸದ್ಯ ಬಿಡಿ, ಕುಕ್ಕರಗಾಲಿನಲ್ಲಿ ಕೂರುವುದೂ ಹಾಗೆಯೇ. ನೋವಿಲ್ಲದಿದ್ದರೆ ನಿಷೇಧವೇನಿಲ್ಲ.

ಪ್ರಶ್ನೆ: ಅಮ್ಮನಿಗೆ 70, ಊರಲ್ಲಿದ್ದಾರೆ. ನಾನು ದುಬೈನಿಂದ ದಿನಾ ಫೋನ್ ಮಾಡಿ “ವ್ಯಾಯಾಮ ಮಾಡಿದ್ಯಾ” ಅಂದರೆ ಸಿಟ್ಟಾಗುತ್ತಾರೆ.
— ಓದುಗರೊಬ್ಬರು

ಉತ್ತರ: ಸಿಟ್ಟು ಬರದೆ ಇನ್ನೇನು? ಹಾಜರಿ ಹಾಕುವುದನ್ನು ಬಿಟ್ಟು, ವಿಡಿಯೋ ಕಾಲಿನಲ್ಲಿ ನೀವೂ ಕುರ್ಚಿಯಿಂದ ಎದ್ದು ಕೂರಿ. ಮಂಡಿ ನೋವಿನಿಂದ ಅವರಿಗೆ ತಪ್ಪಿಹೋಗಿರುವುದೇನು ಎಂದು ಕೇಳಿ. ದೇವಸ್ಥಾನದ ಮೆಟ್ಟಿಲು ಅಂದರೆ ಅದನ್ನೇ ಅಭ್ಯಾಸ ಮಾಡಿಸಿ: ಮನೆಯಲ್ಲಿ ನಾಲ್ಕು ಇಂಚಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿ, 8 ಸಲ. ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಬೇಕಾದರೆ ನೋವಿಲ್ಲದ ಕಡೆಯ ಕೈಯಲ್ಲಿರಲಿ. ನೋವಿನ ಕಡೆಯೇ ಹಿಡಿಯುವವರು ಬಹಳ ಮಂದಿ.

ಮಂಡಿ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಕೀಲು ಸಿಕ್ಕಿಕೊಂಡು ಬಿಚ್ಚದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಲಿ.